ಎಂಟಡಿ ಪಡುವಣಕ್ಕೆ

ನಮ್ಮ ಊರಿನಲ್ಲಿ ಒಬ್ಬರ ಮನೆಯ ಮಂಚ ಸರಿದರೆ ಪಕ್ಕದ ಮನೆಯ ಹಾಲು ಹೆಪ್ಪಾಗುವುದಿಲ್ಲ. ಬೀರು ಸರಿದರಂತೂ ಇನ್ನೂ ದೊಡ್ಡ ಅನಾಹುತ. ಮೇಲಿನ ಬೀದಿಯ ಒಬ್ಬಾಕೆ ಗೋಡೆಗೆ ಸುಣ್ಣ ಹೊಡೆಸುವಾಗ ಊಟದ ಮೇಜನ್ನು ಮೂರಡಿ ಎಳೆದಳು, ಅಷ್ಟೆ. ಗೋಡೆಯಾಚೆಯ ಮನೆಯ ಯಜಮಾನನಿಗೆ ಹಿಡಿದ ಬಿಕ್ಕಳಿಕೆ ಒಂಬತ್ತು ದಿನ ಬಿಡಲಿಲ್ಲ. ಮೇಜನ್ನು ವಾಪಸ್ಸು ತಳ್ಳಿದ ಗಳಿಗೆಗೆ ನಿಂತಿತು. ಇದನ್ನೆಲ್ಲ ನಂಬದವರು ಬೇರೆ ಊರಿನವರು. ಅವರ ಊರಲ್ಲಿ ಮೇಜು ಕುರ್ಚಿಗಳು ತಮ್ಮ ಪಾಡಿಗೆ ತಾವಿರುತ್ತವೆ, ಪುಣ್ಯವಂತರು.

ಹಾಗಾಗಿ ನಮ್ಮಲ್ಲಿ ಒಂದು ನಿಯಮವಿದೆ. ಒಂದು ಕೊಡ ನೀರಿಗಿಂತ ಭಾರವಾದ ಯಾವುದನ್ನೂ ಬೀದಿಯವರೆಲ್ಲ ಒಪ್ಪದೆ ಸರಿಸುವಂತಿಲ್ಲ. ಪ್ರತಿ ಮನೆಯಲ್ಲೂ ಮಂಚ, ಬೀರು, ಮೇಜುಗಳ ಕಾಲಿನ ಸುತ್ತ ಕಾವಿ ಬಣ್ಣದ ಗೆರೆ ಎಳೆದಿರುತ್ತದೆ. ಹೊಸ ಸೊಸೆ ಬಂದರೆ ದೇವರ ಮನೆಗಿಂತ ಮೊದಲು ಈ ಗೆರೆಗಳನ್ನು ತೋರಿಸುತ್ತಾರೆ. ಕಸ ಗುಡಿಸುವಾಗ ಮಂಚ ಅಲ್ಲಾಡಿಸಿದಳೆಂದು ತವರಿಗೆ ವಾಪಸ್ಸು ಹೋದವರಿದ್ದಾರೆ. ನನಗೂ ತೋರಿಸಿದರು. ಆದರೆ ನನ್ನ ಸಮಾಚಾರ ಅಷ್ಟರೊಳಗೇ ಕೆಟ್ಟುಹೋಗಿತ್ತು.

ನಾನು ಇಂದ್ರಾಣಿ. ಇಲ್ಲಿನ ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತೇನೆ. ಇಪ್ಪತ್ತೆರಡು ವರ್ಷದ ಹಿಂದೆ ಹೊರಗಿನ ಊರಿಂದ ಮದುವೆಯಾಗಿ ಬಂದವಳು. ಬರುವಾಗ ನಮ್ಮಪ್ಪ ಕೊಡಿಸಿದ ಕಬ್ಬಿಣದ ಬೀರು ಬಂತು. ಅದನ್ನು ಹೊತ್ತು ತಂದವರು ನನ್ನ ತವರೂರಿನ ಆಳುಗಳು, ಇಲ್ಲಿನ ರೀತಿ ರಿವಾಜು ಗೊತ್ತಿಲ್ಲದವರು. ನಡುಮನೆಯೊಳಗೆ ತಂದವರೇ ಉಸ್ಸಪ್ಪಾ ಎಂದು ಬೀದಿ ಕಡೆಯ ಕಿಟಕಿಯ ಮುಂದೆ ಇಳಿಸಿ, ಪಾನಕ ಕುಡಿಯುತ್ತ ಕೂತರು. ಸರಿಯಾಗಿ ಅದೇ ಗಳಿಗೆಗೆ ಪಕ್ಕದ ಮನೆಯ ಗುರುಲಿಂಗಪ್ಪನಿಗೆ ವರ್ಗಾವಣೆ ರದ್ದಾಯಿತೆಂದು ತಂತಿ ಬಂತು. ಪಾಪ, ಯಾವುದೋ ನೀರಿಲ್ಲದ ಊರಿಗೆ ಹಾಕಿದ್ದರು, ಪೆಟ್ಟಿಗೆ ಕಟ್ಟಿಕೊಂಡು ಕೂತಿದ್ದ ಮನುಷ್ಯ. ಓಡಿಬಂದವನೇ ಮದುಮಕ್ಕಳ ಮುಖ ಕೂಡ ನೋಡದೆ ನನ್ನ ಬೀರನ್ನು ತಬ್ಬಿಕೊಂಡ. ಆಳುಗಳ ಲೋಟದ ಪಾನಕ ಮುಗಿಯುವುದರೊಳಗೆ ಬೀರಿನ ನಾಲ್ಕೂ ಕಾಲಿಗೆ ಕಾವಿ ಗೆರೆ ಬಿದ್ದಿತ್ತು.

ನಮ್ಮ ನಡುಮನೆಗೆ ಇರುವುದು ಅದೊಂದೇ ಕಿಟಕಿ. ಅದು ನನ್ನತ್ತೆ ತಿರುಮಲಮ್ಮನವರ ಜಾಗ. ಹುರುಳಿಕಾಯಿ ಸೋಸುವುದು, ಕೂದಲು ಬಾಚುವುದು, ಬೀದಿಯಲ್ಲಿ ಹೋಗುವವರನ್ನು ತಡೆದು ನಿಲ್ಲಿಸಿ ಮನೆಯ ಸುದ್ದಿಯೆಲ್ಲ ಕಕ್ಕಿಸುವುದು ಎಲ್ಲ ಅಲ್ಲೇ ನಡೆಯುತ್ತಿತ್ತಂತೆ. ಮದುವೆಯ ಮಾರನೆಯ ಬೆಳಿಗ್ಗೆ ನಾನು ಕಾಫಿ ತಂದುಕೊಟ್ಟಾಗ ಅವರು ನನಗೆ ಹೇಳಿದ ಮೊದಲ ಮಾತು, "ನಿನ್ನ ಬೀರು ನನ್ನ ಕಿಟಕಿ ನುಂಗಾಕ್ತು ಕಣೇ." ಕೊನೆಯ ಮಾತೂ ಅದೇ ಆಗುತ್ತದೆಂದು ನಾನು ತಿಳಿದಿದ್ದೆ. ಸಾರಿಗೆ ಉಪ್ಪು ಜಾಸ್ತಿಯಾದರೂ ಬೀರು, ಮಗನಿಗೆ ಕೆಮ್ಮು ಬಂದರೂ ಬೀರು. ನಾನೂ ಬಾಯಿ ಮುಚ್ಚಿಕೊಂಡು ಇರುವವಳಲ್ಲ. ನಮ್ಮಿಬ್ಬರ ಜಗಳ ಕೇಳಿಸದ ದಿನ ಬೀದಿಯವರು ಬಂದು ಯಾರಿಗಾದರೂ ಹುಷಾರಿಲ್ಲವಾ ಎಂದು ವಿಚಾರಿಸುತ್ತಿದ್ದರು. ನನ್ನ ಗಂಡ ಚೆಲುವರಾಜು ಸೈಕಲ್ ಅಂಗಡಿ ಇಟ್ಟುಕೊಂಡವರು. ಜಗಳ ಶುರುವಾದ ಕೂಡಲೇ ಅವರಿಗೆ ಅಂಗಡಿಯ ನೆನಪಾಗುತ್ತಿತ್ತು.

ಕಿಟಕಿ ಹೋದ ಮೇಲೆ ಅತ್ತೆ ಜಗಲಿಗೆ ಬಂದು ಕೂತರು. ಬೀದಿಗೇನೂ ನಷ್ಟವಾಗಲಿಲ್ಲ.

ಈ ಬೀದಿಯ ವಿಷಯ ಒಂದಿಷ್ಟು ಹೇಳಬೇಕು. ಗೋಡೆಗೆ ಗೋಡೆ ಅಂಟಿದ ಏಳು ಮನೆ, ಒಂದೇ ಸಾಲು. ಮೂಡಣ ತುದಿಯದು ನಮ್ಮದು, ಅದರ ಪಕ್ಕ ಗುರುಲಿಂಗಪ್ಪನದು, ಆಮೇಲೆ ಮೊಸರು ಮಾರುವ ದೇವೀರಮ್ಮನದು, ಹೀಗೆ ಸಾಗಿ ಪಡುವಣ ತುದಿಗೆ ಮುಟ್ಟುತ್ತದೆ. ಸಾಲು ಕುಡುಗೋಲಿನ ಹಾಗೆ ಬಾಗಿರುವುದರಿಂದ ನಮ್ಮ ಜಗಲಿಯಲ್ಲಿ ನಿಂತರೆ ಆ ತುದಿಯ ಮನೆ ಚೆನ್ನಾಗಿ ಕಾಣುತ್ತದೆ. ಅದು ಮಾಸ್ಟರ್ ಸುಧನ್ವನ ಮನೆ. ಆರು ವರ್ಷದ ಹಿಂದೆ ಬಂದವನು. ಬರುವ ಮುಂಚೆ ಎಲ್ಲೋ ಪ್ಲಾಸ್ಟಿಕ್ ಬಕೆಟ್ ಮಾರುತ್ತಿದ್ದನಂತೆ. ಇಲ್ಲಿಗೆ ಬಂದ ಮೇಲೆ ಕೆಂಪು ರೇಷ್ಮೆ ಕೋಟು ತೊಟ್ಟು ಫೆಂಗ್ ಶೂಯಿ ಎಂಬ ಚೀನೀ ವಾಸ್ತುವಿನ ಮಾಸ್ಟರ್ ಆದ. ಯಾವುದನ್ನೂ ಸರಿಸಲಾಗದ ಊರಿಗೆ ಫೆಂಗ್ ಶೂಯಿಯವನು ಬಂದು ಮಾಡುವುದೇನು ಎಂದು ನಾನು ನಕ್ಕಿದ್ದೆ. ಅವನು ಭಾರೀ ಬುದ್ಧಿವಂತ. "ನಾನು ಮಂಚ ಸರಿಸಲ್ಲ, ಅದೃಷ್ಟ ಸರಿಸ್ತೀನಿ" ಎಂದು ಕರಪತ್ರ ಅಚ್ಚು ಹಾಕಿಸಿದ. ಒಂದು ಕೊಡ ನೀರಿಗಿಂತ ಹಗುರಾದದ್ದನ್ನು ಮಾತ್ರ ಮಾರಿದ.

ಒಂದೇ ವರ್ಷದಲ್ಲಿ ಬೀದಿಯ ತುಂಬ ಗಾಳಿಗಂಟೆಗಳ ಕಿಣಿಕಿಣಿ. ಪ್ರತಿ ಬಾಗಿಲಲ್ಲೂ ಬಾಯಲ್ಲಿ ನಾಣ್ಯ ಕಚ್ಚಿದ ಮೂರು ಕಾಲಿನ ಕಪ್ಪೆ. ಕಪ್ಪೆಯ ಮುಖ ಮನೆಯ ಒಳಗೆ ಇರಬೇಕಂತೆ, ಹೊರಗೆ ತಿರುಗಿದ್ದರೆ ಸಂಪತ್ತು ಹಾರಿಹೋಗುತ್ತದಂತೆ. ದೇವೀರಮ್ಮ ಮೊಸರು ಅಳೆಯುವ ನಡುವೆ ಎದ್ದು ಹೋಗಿ ಕಪ್ಪೆ ತಿರುಗಿದೆಯೇನೋ ಎಂದು ನೋಡಿ ಬರುತ್ತಿದ್ದಳು. ಕಕ್ಕಸಿನ ಬಾಗಿಲು ತೆರೆದಿಟ್ಟರೆ ಐಶ್ವರ್ಯ ಹರಿದುಹೋಗುತ್ತದೆ ಎಂದು ಅವನು ಹೇಳಿದ ಮೇಲೆ ಗುರುಲಿಂಗಪ್ಪ ಅದಕ್ಕೆ ಬೀಗ ಹಾಕಿ ಕೀಲಿ ಕೈಯನ್ನು ಜನಿವಾರದಂತೆ ಕೊರಳಿಗೆ ಹಾಕಿಕೊಂಡ. ಅವನು ಆಫೀಸಿಗೆ ಹೋದರೆ ಹೆಂಡತಿ ಪಂಕಜಮ್ಮ ನಮ್ಮ ಮನೆಗೆ ಬರುತ್ತಿದ್ದಳು. ನಮ್ಮ ಮನೆಗೂ ನನ್ನ ಗಂಡ ಒಂದು ಲಾಫಿಂಗ್ ಬುದ್ಧನನ್ನು ತಂದರು. ಹೊಟ್ಟೆ ಬಿಟ್ಟುಕೊಂಡು ಕೈ ಎತ್ತಿ ನಗುವ ಬೊಂಬೆ. ಅತ್ತೆಯ ಮಂಚದ ಎದುರು ಗೂಡಿನಲ್ಲಿ ಕೂರಿಸಿದರು.

ಇವೆಲ್ಲ ಎಲ್ಲರೂ ಚೆನ್ನಾಗಿದ್ದಾಗಿನ ಮಾತು. ಹೋದ ಮಾಘದಲ್ಲಿ ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ರಾಡು ಹಾಕಿದರು, ಮನೆಗೆ ಕರೆತಂದು ಅವರ ಮಂಚದಲ್ಲೇ ಮಲಗಿಸಿದೆವು. ಮಂಚ ಇರುವುದು ನಡುಮನೆಯ ಮೂಡಣ ಮೂಲೆಯಲ್ಲಿ. ಅಲ್ಲಿ ಮಧ್ಯಾಹ್ನ ಕೂಡ ದೀಪ ಹಾಕಿದರೇ ಅನ್ನ ಯಾವುದು ಹಪ್ಪಳ ಯಾವುದು ಗೊತ್ತಾಗುವುದು. ಮೊದಲ ಹದಿನೈದು ದಿನ ಅವರ ಬಾಯಿ ಜೋರಾಗಿಯೇ ಇತ್ತು. "ಎದ್ರಿಗಿರೋ ಆ ಡೊಳ್ಳೊಟ್ಟೆಯವ್ನ ಅತ್ಲಾಗಿ ತಿರುಗ್ಸೇ. ನಾನಿಲ್ಲಿ ಸೊಂಟ ಮುರ್ಕೊಂಡು ಬಿದ್ದಿದ್ರೆ ಕಿಸೀತಾನೆ" ಎಂದು ಕೂಗುತ್ತಿದ್ದರು. ತಿರುಗಿಸಿದೆ. ಬುದ್ಧ ಗೋಡೆಗೆ ಮುಖ ಮಾಡಿ ನಗುತ್ತ ಕೂತ.

ಆಮೇಲೆ ಕೂಗುವುದು ಕಡಿಮೆಯಾಯಿತು. ಊಟ ಎರಡು ತುತ್ತಿಗೆ ಇಳಿಯಿತು. ಒಂದು ದಿನ ನಾನು ಸ್ಕೂಲಿನ ಆತುರದಲ್ಲಿ ಅವರಿಗೆ ಸಕ್ಕರೆ ಹಾಕುವುದನ್ನೇ ಮರೆತು ಕಾಫಿ ಕೊಟ್ಟುಬಿಟ್ಟೆ. ಅವರು ಕುಡಿದು ಲೋಟ ಕೆಳಗಿಟ್ಟರು. ಏನೂ ಅನ್ನಲಿಲ್ಲ. ಬಸ್ ಸ್ಟಾಂಡಿನವರೆಗೆ ಹೋದ ಮೇಲೆ ನೆನಪಾಗಿ ನಾನು ನಡುಬೀದಿಯಲ್ಲಿ ನಿಂತುಬಿಟ್ಟೆ. ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಹೆದರಿಕೆ ನನಗೆ ಯಾವತ್ತೂ ಆಗಿರಲಿಲ್ಲ. ಆ ಹೆಂಗಸು ನನ್ನನ್ನು ಬೈಯದೆ ಸತ್ತುಹೋದರೆ ನಾನು ಆ ಮನೆಯಲ್ಲಿ ಯಾರ ಜೊತೆ ಬದುಕಲಿ?

ಡಾಕ್ಟರು ಬಂದು ನೋಡಿದರು. ಹೊರಗಿನ ಊರಿನವರು. "ಮೂಳೆ ಚೆನ್ನಾಗೇ ಕೂಡಿದೆ. ಇನ್ನು ಕೊಡೋಕೆ ನನ್ನ ಹತ್ರ ಔಷಧಿ ಇಲ್ಲ. ಬೆಳಕಿರೋ ಕಡೆ ಮಲಗ್ಸಿ, ನಾಲ್ಕು ಜನ ಕಣ್ಣಿಗೆ ಬೀಳ್ಲಿ. ಇದೇ ಕತ್ಲಲ್ಲಿ ಬಿಟ್ರೆ ಎರಡು ತಿಂಗಳು ತಳ್ಳೋದು ಕಷ್ಟ" ಎಂದರು. ಎತ್ತಿಕೊಂಡು ಹೋಗಿ ಜಗಲಿಯಲ್ಲಿ ಕೂರಿಸೋಣವೇ ಎಂದರೆ ಕೂರಿಸಲೇಬಾರದು, ನೆಲದ ಮೇಲೆ ಹಾಸೋಣವೇ ಎಂದರೆ ಅದೂ ಆಗದು. ಮತ್ತೆ ಸುತ್ತ ನೋಡಿ, "ಅಲ್ಲೊಂದು ಕಿಟಕಿ ಇದ್ಯಲ್ಲ, ಆ ಬೀರು ಅತ್ತ ತಳ್ಳಿ ಮಂಚ ಇತ್ತ ಎಳ್ಕೊಂಡ್ರಾಯ್ತು" ಎಂದು ಬಲು ಸಲೀಸಾಗಿ ಹೇಳಿದರು. ನನ್ನ ಗಂಡನ ಕೈಯಲ್ಲಿದ್ದ ಕಾಫಿ ಲೋಟ ಕೆಳಗೆ ಬಿತ್ತು.

ನಾನು ಮೊದಲು ಹೋದದ್ದು ಮಾಸ್ಟರನ ಹತ್ತಿರ. ಅವನು ತನ್ನ ಬೀಟೆ ಮರದ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಆ ಮಂಚವೇ ಅವನ ಸಿಂಹಾಸನ. ಪಡುವಣ ಗೋಡೆಗೆ ಒರಗಿಸಿ, ಬಾಗಿಲು ಎದುರಿಗೆ ಕಾಣುವಂತೆ ಹಾಕಿಸಿಕೊಂಡಿದ್ದ. ಅದಕ್ಕೆ ಆಳುವ ಸ್ಥಾನ ಎಂದು ಹೆಸರು. ಕಣ್ಣು ಮುಚ್ಚಿ ಕೇಳಿಸಿಕೊಂಡು, "ಬೀರು ಮುಟ್ಟೋ ಹಾಗಿಲ್ಲ ತಾಯಿ. ಅದು ನಿಮ್ಮನೆ ಪರ್ವತ. ಪರ್ವತಕ್ಕೆ ನೀರಿನ ಪರಿಹಾರ ಮಾಡೋಣ" ಎಂದು ಒಂದು ಜಲಪಾತದ ದೊಡ್ಡ ಚಿತ್ರ ಸುತ್ತಿಕೊಟ್ಟ. ಹುಲ್ಲುಕಡ್ಡಿಯಾದರೂ ಆಸರೆ ಎಂಬಂತಿದ್ದವಳು ನಾನು, ತಂದು ಮಂಚದ ಎದುರು ಅಂಟಿಸಿದೆ. ಅತ್ತೆ ಎರಡು ದಿನ ನೋಡಿದರು. ಮೂರನೆಯ ದಿನ ಕ್ಷೀಣ ದನಿಯಲ್ಲಿ, "ಇಂದ್ರಾಣಿ, ಅದನ್ನ ಕಿತ್ತಾಕೇ. ನೀರು ಸುರಿಯೋದು ನೋಡಿ ನೋಡಿ ಗಳಿಗೆಗೊಂದ್ಸಲ ಉಚ್ಚೆ ಬರ್ತದೆ" ಎಂದರು. ತಿಂಗಳಲ್ಲಿ ಅವರಾಡಿದ ಉದ್ದದ ಮಾತು ಅದೇ. ನಾನು ಚಿತ್ರ ಕಿತ್ತು, ಬೀದಿ ಸಭೆ ಸೇರಿಸಲು ಹೇಳಿ ಬಂದೆ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮಾಸ್ಟರನ ಜಗಲಿಯಲ್ಲಿ ಏಳೂ ಮನೆಯವರು ಸೇರಿದರು. ಎಲ್ಲರೂ ಒಳ್ಳೆಯವರೇ. ಅತ್ತೆ ಬಿದ್ದಾಗಿನಿಂದ ನಮ್ಮ ಮನೆಗೆ ಗಂಜಿ, ಹಣ್ಣು, ಎಳನೀರು ಬಂದು ರಾಶಿ ಬಿದ್ದಿತ್ತು. ನಾನು ವಿಷಯ ಹೇಳಿದೆ. ಬೀರನ್ನು ಎಂಟಡಿ ಪಡುವಣಕ್ಕೆ ಸರಿಸಬೇಕು, ಅತ್ತೆಯ ಮಂಚವನ್ನು ಎಂಟಡಿ ಪಡುವಣಕ್ಕೆ ತಂದರೆ ಸರಿಯಾಗಿ ಕಿಟಕಿಯ ಹತ್ತಿರ ಬರುತ್ತದೆ. ಇಲ್ಲದಿದ್ದರೆ ಅವರು ಉಳಿಯುವುದಿಲ್ಲ.

ಪಂಕಜಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಗುರುಲಿಂಗಪ್ಪ ಎದ್ದು ನಿಂತ. "ಇಂದ್ರಾಣಮ್ನೋರೇ, ನಿಮ್ಮತ್ತೆ ಅಂದ್ರೆ ನನಗೂ ತಾಯಿ ಇದ್ದಂಗೆ. ಆದ್ರೆ ನನ್ನ ರಿಟೈರ್‌ಮೆಂಟಿಗೆ ಇನ್ನು ಎಂಟೇ ತಿಂಗಳು. ಈಗ ಬೀರು ಸರಿದ್ರೆ ಆ ಹಳೇ ಆರ್ಡರು ಎದ್ದು ಕೂತ್ಕೊಳ್ಳುತ್ತೆ. ಎಂಟು ತಿಂಗಳು ತಡ್ಕೊಳ್ಳಿ, ಆಮೇಲೆ ನಾನೇ ಬಂದು ಒಂದು ಕೈ ಹಾಕ್ತೀನಿ."

"ಡಾಕ್ಟ್ರು ಎರಡು ತಿಂಗಳು ಅಂದಿದಾರೆ" ಎಂದೆ.

"ಡಾಕ್ಟ್ರುಗಳು ಹಂಗೇ ಅಂತಾರೆ ಬಿಡಿ. ನಿಮ್ಮತ್ತೇದು ಗಟ್ಟಿ ಜೀವ."

"ನಂದು ಮೊಸರಿನ ಬಾಳು ಕಣವ್ವ" ಎಂದಳು ದೇವೀರಮ್ಮ. "ಗುರುಲಿಂಗಪ್ನೋರ ಮನೇಲಿ ಏನಾದ್ರೂ ಏರುಪೇರಾದ್ರೆ ಅವ್ರೂ ಏನೋ ಸರಿಸ್ತಾರೆ. ಆಗ ನನ್ನ ಮಡಕೆ ಹಾಲು ಹಾಲಾಗೇ ಉಳಿತದೆ. ತಿರುಮಲಕ್ಕಂಗೆ ನಾನು ದಿನಾ ಗಟ್ಟಿ ಮೊಸರು ತಂದ್ಕೊಡ್ತೀನಿ, ಬೇರೆ ಏನೂ ಕೇಳ್ಬೇಡ."

ಹೀಗೆ ಒಬ್ಬೊಬ್ಬರೂ ಒಂದೊಂದು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಅದೇ ನನಗೆ ಇನ್ನೂ ಸಿಟ್ಟು ಬರಿಸಿತು. ಕೊನೆಗೆ ಮಾಸ್ಟರ್ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. ಅವನು ನಮ್ಮ ಬೀದಿಯ ಪ್ರತಿ ಮನೆಯನ್ನೂ ಟೇಪು ಹಿಡಿದು ಅಳೆದು, ಒಬ್ಬರ ಸಾಮಾನಿಗೂ ಪಕ್ಕದವರ ಸಾಮಾನಿಗೂ ಎಷ್ಟೆಷ್ಟು ಅಡಿ ಎಂದು ಅಂತರ ಪತ್ರ ಬರೆದುಕೊಟ್ಟಿದ್ದ. ಜನ ಅದಕ್ಕೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕ ತೂಗುಹಾಕಿದ್ದರು.

"ಟೀಚರಮ್ಮನಿಗೆ ಶಾಸ್ತ್ರ ಗೊತ್ತಿಲ್ಲ, ಅವರ ತಪ್ಪಲ್ಲ" ಎಂದು ಶುರುಮಾಡಿದ. "ಮುಖ್ಯ ಸ್ಥಾನ ಅಲ್ಲ ತಾಯಿ, ಅಂತರ. ನಿಮ್ಮ ಬೀರಿಗೂ ಗುರುಲಿಂಗಪ್ಪನವರ ಸೋಫಾಕ್ಕೂ ಹದಿನಾಲ್ಕಡಿ. ಅದು ಆರಡಿ ಆದ್ರೆ ಶಕ್ತಿ ಎಲ್ಲಿ ಹರೀಬೇಕು? ಚೆಲ್ಲಿಹೋಗುತ್ತೆ!"

ಎಲ್ಲರೂ ತಲೆದೂಗಿದರು. ನಾನು ಹತ್ತೊಂಬತ್ತು ವರ್ಷ ಲೆಕ್ಕದ ಪಾಠ ಮಾಡಿದವಳು. ನನ್ನ ತಲೆಯೊಳಗೆ ಅಲ್ಲಿಯವರೆಗೆ ಬರೀ ಸಿಟ್ಟಿತ್ತು, ಈಗ ಒಂದು ಲೆಕ್ಕ ಬಂದು ಕೂತಿತು.

"ಅಂತರ ಕೆಡದಿದ್ರೆ ಯಾರಿಗೂ ಏನೂ ಆಗಲ್ಲ ಅಂತೀರಾ?"

"ಆಗೋದೇ ಇಲ್ಲ."

"ಎಲ್ಲರ ಮುಂದೆ ಬರೆದುಕೊಡ್ತೀರಾ?"

ಅವನಿಗೆ ಖುಷಿಯೇ ಆಯಿತು. ಕೆಂಪು ಶಾಯಿಯಲ್ಲಿ "ಅಂತರ ಕೆಡದಿದ್ದರೆ ಅದೃಷ್ಟ ಕೆಡದು" ಎಂದು ಬರೆದು, ಸಹಿ ಮಾಡಿ, ಕಪ್ಪೆಯ ಮೊಹರು ಒತ್ತಿ ಕೊಟ್ಟ. ನಾನು ಅದನ್ನು ಎತ್ತಿ ಹಿಡಿದು ಹೇಳಿದೆ. "ಹಾಗಾದ್ರೆ ಏಳೂ ಮನೆಯವರು ಎಲ್ಲ ಸಾಮಾನನ್ನೂ ಒಟ್ಟಿಗೆ, ಒಂದೇ ಗಳಿಗೇಲಿ, ಎಂಟಡಿ ಪಡುವಣಕ್ಕೆ ಸರಿಸೋಣ. ನಮ್ಮ ಬೀರಿಗೂ ಅವರ ಸೋಫಾಕ್ಕೂ ಆಗ್ಲೂ ಹದಿನಾಲ್ಕಡಿಯೇ. ಅಂತರ ಎಲ್ಲಿ ಕೆಡ್ತು?"

ಒಬ್ಬೊಬ್ಬರೂ ಬೆರಳು ಮಡಿಚಿ ಮಡಿಚಿ ಲೆಕ್ಕ ಹಾಕುತ್ತಿದ್ದರು. ಮೊದಲು ಬಾಯಿ ತೆರೆದವಳು ಪಂಕಜಮ್ಮ. "ರೀ, ನಮ್ಮ ಸೋಫಾ ಎಂಟಡಿ ಹೋದ್ರೆ ಹಿತ್ತಿಲ ಬಾಗಿಲು ತೆಗೀಬೋದು ಕಣ್ರೀ" ಎಂದಳು. ಹನ್ನೆರಡು ವರ್ಷದಿಂದ ಆಕೆ ಹಿತ್ತಿಲಿನ ಬಾವಿಗೆ ಬೀದಿ ಸುತ್ತಿ ಹೋಗಿ ಬರುತ್ತಿದ್ದಳು. ದೇವೀರಮ್ಮ ಎದ್ದೇ ನಿಂತಳು. ಆಕೆಯ ಮಂಚ ಅಡುಗೆಮನೆಯ ಬಾಗಿಲಿಗೆ ಅಡ್ಡ. ಮಂಡಿ ನೋವಿನ ಹೆಂಗಸು ದಿನಕ್ಕೆ ಇಪ್ಪತ್ತು ಸಲ ಅದನ್ನು ಹತ್ತಿ ಇಳಿಯುತ್ತಿದ್ದಳು. ಐದನೆಯ ಮನೆಯವರು ದೇವರ ಮನೆಯ ಮುಂದಿರುವ ಕಣಜದ ಮೇಲಿಂದ ಹೂವು ಎಸೆದು ಪೂಜೆ ಮಾಡುತ್ತಿದ್ದವರು. "ನಮ್ಮ ದೇವರ ಮುಖ ನೋಡಿ ಎಷ್ಟು ಕಾಲವಾಯ್ತೋ" ಎಂದು ಆ ಮನೆಯ ಯಜಮಾನ ಗದ್ಗದಿತನಾದ. ನೋಡಿ, ಎಲ್ಲರ ಮನೆಯಲ್ಲೂ ಒಂದೊಂದು ಬಾಗಿಲು ಮುಚ್ಚಿಹೋಗಿತ್ತು, ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಕೈಗಳು ಒಂದೊಂದಾಗಿ ಎದ್ದವು. ಮಾಸ್ಟರನೂ ತನ್ನ ಶಾಸ್ತ್ರಕ್ಕೆ ಸಿಕ್ಕ ಗೌರವ ಕಂಡು ನಗುತ್ತ ಕೈ ಎತ್ತಿದ.

ಅವನ ಮಂಚ ಪಡುವಣ ಗೋಡೆಗೆ ಒರಗಿದೆ, ಆ ಗೋಡೆಯೇ ಸಾಲಿನ ಕೊನೆ, ಅದರಾಚೆ ಬರೀ ರಸ್ತೆ ಎನ್ನುವುದು ನನಗೆ ಆಗ ಹೊಳೆದಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಚೆನ್ನಾಗಿ ಹೊಳೆದಿತ್ತು.

ಮುಂದಿನ ಭಾನುವಾರ ಸ್ಕೂಲಿನ ಡ್ರಿಲ್ ಮೇಷ್ಟ್ರ ಸೀಟಿ ಇಸಿದುಕೊಂಡು ಬಂದೆ. ಒಂದು ಸಾಮಾನು ಮುಂದೆ ಒಂದು ಹಿಂದೆ ಆಗಬಾರದಲ್ಲ. ಪ್ರತಿ ಮನೆಯಲ್ಲೂ ಎಂಟಡಿಗೆ ಸೀಮೆಸುಣ್ಣದ ಗುರುತು ಹಾಕಿಸಿದ್ದೆ. ಒಂದು ಸೀಟಿಗೆ ಎತ್ತುವುದು, ಎರಡನೆಯದಕ್ಕೆ ಒಂದು ಹೆಜ್ಜೆ, ಹೀಗೆ ನಾಲ್ಕು ಹೆಜ್ಜೆ, ಆಮೇಲೆ ಇಳಿಸುವುದು. ನಮ್ಮ ಮನೆಯಲ್ಲಿ ಅತ್ತೆಯನ್ನು ಮಂಚದ ಸಮೇತ ಎತ್ತಬೇಕಾಗಿತ್ತು. ನನ್ನ ಗಂಡ, ಅವರ ಅಂಗಡಿಯ ಇಬ್ಬರು ಗೆಳೆಯರು, ಹಿಂದಿನ ಬೀದಿಯ ಒಬ್ಬರು ನಾಲ್ಕು ಮೂಲೆ ಹಿಡಿದರು. ಬೀರಿಗೆ ಅದೇ ಬೀದಿಯ ಇನ್ನೂ ನಾಲ್ವರು ಬಂದಿದ್ದರು. ಅತ್ತೆ ಕಣ್ಣು ತೆರೆದು, "ಮೆತ್ತಗೆ ಕಣ್ರೋ. ಚಟ್ಟ ಎತ್ತಿದಂಗೆ ಎತ್ತಬೇಡಿ" ಎಂದರು. ನಾನು ಬೀದಿಯ ನಡುವೆ ನಿಂತು ಊದಿದೆ. ಏಳು ಮನೆಯೊಳಗಿಂದ ಒಟ್ಟಿಗೆ ಹೋ ಎಂಬ ದನಿ ಎದ್ದಿತು. ಪಾತ್ರೆ ಉರುಳಿದವು, ಗಾಳಿಗಂಟೆಗಳೆಲ್ಲ ಬಡಿದುಕೊಂಡವು, ಎಲ್ಲೋ ಒಂದು ಕಪ್ಪೆ ಬಿದ್ದು ಒಡೆಯಿತು.

ಮೂರನೆಯ ಹೆಜ್ಜೆಗೆ ಆ ತುದಿಯಿಂದ ಕೂಗು ಕೇಳಿಸಿತು. ನಾಲ್ಕನೆಯದನ್ನೂ ಮುಗಿಸಿ, ಎಲ್ಲ ಇಳಿಸಿ, ಹೋಗಿ ನೋಡಿದರೆ ಮಾಸ್ಟರನ ಮಂಚ ಮಾತ್ರ ಒಂದಿಂಚೂ ಅಲುಗಿರಲಿಲ್ಲ.

ಅವನು ಗೋಡೆ ತೋರಿಸಿ, "ನನ್ನದು ಆಳುವ ಸ್ಥಾನ. ಗುರುವಿನ ಮಂಚಕ್ಕೆ ಈ ಲೆಕ್ಕ ಹತ್ತಲ್ಲ" ಎಂದು ಒಪ್ಪಿಸಲು ನೋಡಿದ. ಅಷ್ಟರಲ್ಲಿ ಓಡಿಬಂದವನು ಗುರುಲಿಂಗಪ್ಪ. ಒಂದು ಕೈಯಲ್ಲಿ ತನ್ನ ಅಂತರ ಪತ್ರ, ಇನ್ನೊಂದರಲ್ಲಿ ನನ್ನಿಂದ ಕಿತ್ತುಕೊಂಡ, ಮಾಸ್ಟರನೇ ಬರೆದುಕೊಟ್ಟ ಕೆಂಪು ಶಾಯಿಯ ಕಾಗದ. ಇಪ್ಪತ್ತೆರಡು ವರ್ಷ ತಗ್ಗಿದ ದನಿಯಲ್ಲಿ ಮಾತಾಡಿದ ಮನುಷ್ಯ ಅವತ್ತು ಗುಡುಗಿದ. "ಅಂತರ ಕೆಡುತ್ತೆ ಸ್ವಾಮಿ! ನಿಮ್ಮಿಂದ ಆರನೇ ಮನೆ, ಅವರಿಂದ ಐದನೇ ಮನೆ, ಹಂಗೇ ನಮ್ಮನೇವರ್ಗೂ ಬರುತ್ತೆ! ಎಂಟು ತಿಂಗಳಿಗೆ ನನ್ನ ಎಲ್ಲಿಗೆ ಕಳಿಸ್ಬೇಕು ಅಂತಿದ್ದೀರಿ?" ಹಿಂದಿನಿಂದ ದೇವೀರಮ್ಮ, "ನನ್ನ ಮೊಸರು!" ಎಂದು ಕಿರುಚಿದಳು. ಆರು ಮನೆಯ ಗಂಡಸರು ಒಳನುಗ್ಗಿ ಬೀಟೆ ಮಂಚವನ್ನು ಹಾಗೇ ಎತ್ತಿ, ಬಾಗಿಲಿಂದ ಹೊರಗೆ ತಂದು, ಗೋಡೆಯಾಚೆ ಎಂಟಡಿ ಅಳೆದು ರಸ್ತೆಯಲ್ಲಿ ಇಳಿಸಿದರು. ಅದರ ಹೊರಗಿನ ಎರಡು ಕಾಲು ದೊಡ್ಡ ಮೋರಿಯ ಅಂಚಿಗೆ ಬಂದು ನಿಂತವು. ಕಾವಿ ಗೆರೆಯೂ ಬಿತ್ತು. ಮಾಸ್ಟರ್ ಮೆಲ್ಲಗೆ ಒಳಗೆ ಜಾರಿಕೊಳ್ಳಲು ನೋಡಿದಾಗ ಪಂಕಜಮ್ಮ ಅವನದೇ ಕರಪತ್ರ ಓದಿದಳು. ಖಾಲಿ ಬಿಟ್ಟ ಮಂಚ ಬೀದಿಗೆಲ್ಲ ರೋಗ ಎಂದು ಆರನೆಯ ಸಾಲಿನಲ್ಲಿ ಅಚ್ಚಾಗಿತ್ತು. ಅವನು ಬಂದು ಮಂಚದ ಮೇಲೆ ಕೂತ.

ನಾನು ಮನೆಗೆ ಓಡಿಹೋಗಿ ಕಿಟಕಿಯ ಬಾಗಿಲಿಗೆ ಕೈ ಹಾಕಿದೆ. ಇಪ್ಪತ್ತೆರಡು ವರ್ಷದ ತುಕ್ಕು, ಜಪ್ಪಯ್ಯ ಅಂದರೂ ಬಿಡಲಿಲ್ಲ. ಒನಕೆ ತಂದು ಕುಟ್ಟಿದೆ. ತೆರೆದುಕೊಂಡಿತು. ಅತ್ತೆಯ ಮುಖದ ಮೇಲೆ, ಕೈ ಮೇಲೆ, ಹೊದಿಕೆಯ ಮೇಲೆ ಬಿಸಿಲು ಬಿತ್ತು. ಅವರು ಬಹಳ ಹೊತ್ತು ಹೊರಗೆ ನೋಡಿದರು. ಆಮೇಲೆ, "ಎಷ್ಟು ಧೂಳು ಕೂತಿದೆ ನೋಡು ಸರಳಿನ ಮೇಲೆ. ಒರೆಸಬಾರದೇನೇ, ಸೋಂಬೇರಿ" ಎಂದರು. ನಾನು ಒರೆಸುವ ಬಟ್ಟೆ ತರುತ್ತೇನೆಂದು ಅಡುಗೆಮನೆಗೆ ಹೋಗಿ, ಒಲೆಯ ಹತ್ತಿರ ನಿಂತು ಅತ್ತುಬಿಟ್ಟೆ.

ಮಾರನೆಯ ಬೆಳಿಗ್ಗೆ ಏಳೂ ಮನೆಯ ಮೊಸರು ಗಟ್ಟಿಯಾಗಿ ಹೆಪ್ಪಾಗಿತ್ತು. ಗುರುಲಿಂಗಪ್ಪನಿಗೆ ಯಾವ ಆರ್ಡರೂ ಬರಲಿಲ್ಲ. ಒಂದು ಬಾಗಿಲು ತೆರೆದುಕೊಂಡ ಮನೆಗಳಲ್ಲಿ ಇನ್ನೊಂದು ಬಾಗಿಲು ಮುಚ್ಚಿಹೋಗಿತ್ತು, ಅದು ಬೇರೆ ಮಾತು. ಒಂದೇ ಬಾಗಿಲು ಮುಚ್ಚಿದ್ದನ್ನು ನೋಡಿ ನೋಡಿ ಬೇಸತ್ತವರಿಗೆ ಅದೂ ಒಂದು ಬದಲಾವಣೆ. ನಮ್ಮ ಮನೆಯಲ್ಲಿ ನನ್ನ ಬೀರು ಹೋಗಿ ಅಡುಗೆಮನೆಯ ಬಾಗಿಲಿಗೆ ಅರ್ಧ ಅಡ್ಡ ನಿಂತಿದೆ. ನಾನು ಮೈ ಓರೆ ಮಾಡಿಕೊಂಡು ಓಡಾಡುತ್ತೇನೆ. ಮಾಸ್ಟರ್ ಒಂದೇ ವಾರದಲ್ಲಿ ಸುಧಾರಿಸಿಕೊಂಡ. ಆಕಾಶವೇ ಛಾವಣಿಯಾದ ಆಳುವ ಸ್ಥಾನ ಎಂದು ಹೊಸ ಕರಪತ್ರ ಬಂತು. ಮೇಲಿನ ಬೀದಿಯ ಇಬ್ಬರು ತಮ್ಮ ಮಂಚವನ್ನೂ ಬೀದಿಗೆ ಹಾಕಿಸುವುದು ಹೇಗೆಂದು ಕೇಳಲು ಬಂದಿದ್ದರು. ಬಿಸಿಲಿಗೆ ಛತ್ರಿ ಹಿಡಿದು, ಎಮ್ಮೆಗಳು ಬಂದಾಗ ಕಾಲು ಮೇಲೆತ್ತಿಕೊಂಡು, ಅವನು ಅಲ್ಲೇ ಉಪದೇಶ ಮಾಡುತ್ತಾನೆ.

ಅತ್ತೆಯ ಊಟ ಎರಡು ತುತ್ತಿನಿಂದ ಒಂದು ಮುದ್ದೆಗೆ ಏರಿತು. ನಿನ್ನೆ ನಾನು ಸಾಯಂಕಾಲ ನಾಲ್ಕೂವರೆಗೆ ಸ್ಕೂಲಿಂದ ಬಂದಾಗ ಅವರು ಕಿಟಕಿಯ ಸರಳು ಹಿಡಿದು ತರಕಾರಿಯವನ ತಕ್ಕಡಿಯ ವಿಚಾರಕ್ಕೆ ಅವನ ಅಪ್ಪ ತಾತನವರೆಗೂ ಹೋಗಿದ್ದರು. ಅವನು ಒಂದು ಹಿಡಿ ಹೆಚ್ಚಿಗೆ ಹಾಕಿ ತಪ್ಪಿಸಿಕೊಂಡ. ನಾನು ಕಾಫಿ ಕೊಟ್ಟು ಮಂಚದ ಪಕ್ಕ ನಿಂತೆ. ಅವರು ಒಂದು ಗುಟುಕು ಕುಡಿದು, ಮುಖ ಕಿವುಚಿ, "ಸಕ್ರೆ ಜಾಸ್ತಿ" ಎಂದರು. ಮತ್ತೆ ನನ್ನನ್ನೇ ನೋಡಿ, "ಯಾಕೆ ಕಂಬದಂಗೆ ನಿಂತಿದೀಯಾ? ದಿನಾ ಮಕ್ಕಳ ಮುಂದೆ ನಿಂತ್ಕೊಂಡು ಬರ್ತೀಯ, ಇಲ್ಲೂ ನಿಂತ್ಕೋತೀಯ. ಕೂತ್ಕೋಬಾರ್ದಾ?"

"ಎಲ್ಲಿ ಕೂರ್ಲಿ ಅತ್ತೆ? ಕಿಟಕಿಗೆಲ್ಲ ನಿಮ್ಮ ಮಂಚನೇ ಅಡ್ಡ ಇದೆ."

ಅವರು ಮಂಚ ನೋಡಿದರು, ಕಿಟಕಿ ನೋಡಿದರು. "ಇದನ್ನ ಇನ್ನೊಂದೆರಡಡಿ ಪಡುವಣಕ್ಕೆ ಸರಿಸು. ಈ ಕಡೆ ನಿನಗೊಂದು ಕುರ್ಚಿ ಹಾಕ್ಕೊಳ್ಳೋ ಹಂಗಾಗ್ತದೆ. ಇಬ್ಬರೂ ನೋಡ್ಬೋದು."

ಮದುವೆಯಾಗಿ ಬಂದ ದಿನದಿಂದ ಅವರು ನನ್ನನ್ನು ಪಕ್ಕದಲ್ಲಿ ಕೂತ್ಕೋ ಎಂದದ್ದು ಅದೇ ಮೊದಲು. ಏನಾದರೂ ಹೇಳಬೇಕಲ್ಲ ಎಂದು ಹೇಳಿದೆ.

"ಎರಡಡಿ ಸರಿಸಿದ್ರೆ ಬೀದಿಗೆ ಬೀದಿಯೇ ಎರಡಡಿ ಸರೀಬೇಕು ಅತ್ತೆ. ಮಾಸ್ಟರನ ಮಂಚ ಮೋರಿಗೆ ಬೀಳುತ್ತೆ."

ಅತ್ತೆ ಕಿಟಕಿಯ ಸರಳಿಗೆ ಮುಖ ಒತ್ತಿ, ಬೀದಿಯ ತುದಿಯಲ್ಲಿ ಛತ್ರಿಯ ಕೆಳಗೆ ಕೂತ ಕೆಂಪು ಕೋಟನ್ನು ಒಂದು ಗಳಿಗೆ ನೋಡಿದರು.

"ಬೀಳ್ಲಿ" ಎಂದರು.

ನಾನು ಸೀಟಿ ಹುಡುಕಲು ಒಳಗೆ ಹೋದೆ.